ಟೀಚರ್ ಕೇಳಿದ ಏಳು ಪ್ರಶ್ನೆ: ಪ್ರಕಾಶಕರ ಸಂಘಕ್ಕೆ ಬರೆದ ಒಂದು ಪತ್ರದ ಹಿಂದೆ ಮುಂದೆ

ಆಟಿ ತಿಂಗಳ ಮಳೆ. ನಮ್ಮ ಊರು ಪೆರ್ಲದ ಹತ್ತಿರ, ಕಾಸರಗೋಡು ಜಿಲ್ಲೆಯಲ್ಲಿ. ಗ್ರಂಥಾಲಯದ ಬಾಗಿಲು ಅರ್ಧ ತೆರೆದು ಕೂತಿದ್ದೆ. ಕೊಡೆ ಮಡಚಿ ಒಳಗೆ ಬಂದವರು ನನ್ನ ಮೂರನೇ ಕ್ಲಾಸಿನ ಟೀಚರ್. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಒಂದು ಪುಸ್ತಕ, ಒಂದು ಹಾಳೆಯ ಕರಾರು ಪತ್ರ, ಬ್ಯಾಂಕಿನ ಎರಡು ರಸೀದಿ. ಅದರ ಮೇಲೆ ಬೆಂಗಳೂರಿನ ಪ್ರಕಾಶಕರ ಸಂಘವೊಂದು ಬರೆದ ಉತ್ತರ.

"ಇದನ್ನು ಓದು ಮಾರಾಯ. ಇವರೂ ಕೈಬಿಟ್ಟರು" ಎಂದರು.

ನಾನು ಈ ಗ್ರಂಥಾಲಯದ ಕಾರ್ಯದರ್ಶಿ. ಸುತ್ತಮುತ್ತಲಿನ ನಾಲ್ಕಾರು ಜನರ ಪುಸ್ತಕದ ಕರಡು ತಿದ್ದಿಕೊಟ್ಟಿದ್ದೇನೆ. ಅಚ್ಚಿಗಾಗಿ ಮಂಗಳೂರಿಗೆ ಓಡಾಡಿದ್ದೇನೆ. ಹಾಗಾಗಿ ಇಂಥ ಚೀಲಗಳು ನನ್ನ ಮೇಜಿಗೆ ಆಗಾಗ ಬರುತ್ತವೆ. ಆದರೆ ಟೀಚರ್ ತಂದ ಚೀಲದಲ್ಲಿ ಜನ ಪ್ರಕಾಶಕರ ಸಂಘವನ್ನು ಏನೆಲ್ಲ ಕೇಳುತ್ತಾರೋ ಅದೆಲ್ಲ ಒಟ್ಟಿಗೆ ಇತ್ತು. ಅದಕ್ಕೇ ಈ ಒಂದು ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ಟೀಚರ್ ಒಪ್ಪಿದ್ದಾರೆ. ಹೆಸರು ಬೇಡ ಎಂದಿದ್ದಾರೆ.

ಟೀಚರ್ ಮೂವತ್ತು ವರ್ಷಕ್ಕೂ ಜಾಸ್ತಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಮಾಡಿದವರು. ಮಕ್ಕಳು ಆಟದ ಬಯಲಲ್ಲಿ ಹೇಳುವ ಪದ್ಯ, ಒಗಟು, ಲೆಕ್ಕದ ಹಾಡು ಎಲ್ಲ ಬರೆದಿಟ್ಟುಕೊಂಡಿದ್ದರು. ಒಂದೇ ಪದ್ಯದಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಬರುತ್ತವೆ. ಕೆಲವು ಕಡೆ ಹವ್ಯಕರ ಮಾತು, ಕೆಲವು ಕಡೆ ಮರಾಠಿ ಮಾತು. ಹೀಗೆ ಕೂಡಿಸಿಟ್ಟ ಪುಸ್ತಕ ಬೇರೆ ನಾನು ನೋಡಿಲ್ಲ. ಪ್ರತಿ ಪದ್ಯದ ಕೆಳಗೆ ಯಾವ ಶಾಲೆ, ಯಾವ ವರ್ಷ, ಯಾವ ಆಟ ಎಂದು ಬರೆದಿದ್ದಾರೆ.

ನಿವೃತ್ತಿ ಆದ ಮೇಲೆ ಒಬ್ಬರು ಫೋನ್ ಮಾಡಿದರು. ತಮ್ಮದು ಪ್ರಕಾಶನ ಸಂಸ್ಥೆ, ಗಡಿನಾಡಿನ ಬರಹಗಾರರನ್ನು ಬೆಳಕಿಗೆ ತರುತ್ತೇವೆ ಎಂದರು. 48,000 ರೂಪಾಯಿ ಕೊಟ್ಟರೆ 500 ಪ್ರತಿ ಅಚ್ಚು. ಅದರಲ್ಲಿ 5,000 ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ಉಳಿದದ್ದು ಮುದ್ರಣಕ್ಕೆ. ಗ್ರಂಥಾಲಯ ಇಲಾಖೆ 'ಖಂಡಿತ' ಕೊಳ್ಳುತ್ತದೆ, ದುಡ್ಡು ವಾಪಸ್ ಬರುತ್ತದೆ ಎಂದರು. ಟೀಚರ್ ಎರಡು ಕಂತಿನಲ್ಲಿ ಕಟ್ಟಿದರು. ಎಂಟು ತಿಂಗಳ ಮೇಲೆ 80 ಪ್ರತಿ ಬಂತು. ಆಮೇಲೆ ಫೋನ್ ಎತ್ತುವುದು ನಿಂತಿತು.

ಆಗ ಯಾರೋ ಹೇಳಿದರಂತೆ, ಪ್ರಕಾಶಕರ ಸಂಘ ಅಂತ ಒಂದುಂಟು, ಅಲ್ಲಿಗೆ ಬರೆಯಿರಿ ಅಂತ. ಟೀಚರ್ ತಮ್ಮ ದುಂಡನೆಯ ಅಕ್ಷರದಲ್ಲಿ ಏಳು ಪ್ರಶ್ನೆ ಬರೆದು ಕಳಿಸಿದರು. ನನ್ನ ಪುಸ್ತಕವನ್ನು ನೀವೇ ಪ್ರಕಟಿಸಬಹುದಾ? ಹಣ ತೆಗೆದುಕೊಂಡವರ ಮೇಲೆ ಕ್ರಮ ತೆಗೆದುಕೊಳ್ಳುತ್ತೀರಾ? ಐಎಸ್‌ಬಿಎನ್‌ಗೆ ನಿಜವಾಗಿ ಎಷ್ಟು ಖರ್ಚು? ಕಾಪಿರೈಟ್ ಈಗ ಯಾರದು? ಲೇಖಕರಿಗೆ ರಾಯಧನ (ರಾಯಲ್ಟಿ) ಎಷ್ಟು ಕೊಡಬೇಕೆಂಬ ನಿಯಮ ಇದೆಯಾ? ಕೇರಳದಲ್ಲಿರುವ ನನ್ನ ಪುಸ್ತಕವನ್ನು ಗ್ರಂಥಾಲಯಗಳು ಕೊಳ್ಳುತ್ತವಾ? ಕೊನೆಯದಾಗಿ, ನಾನು ಸಂಘದ ಸದಸ್ಯೆ ಆಗಬಹುದಾ?

ಉತ್ತರ ಬಂತು, ಮೂರು ವಾರದಲ್ಲಿ. ಮರ್ಯಾದೆಯ ಪತ್ರ. ನಮ್ಮದು ಪ್ರಕಾಶಕರ ಸಂಘಟನೆ, ನಾವು ಪುಸ್ತಕ ಪ್ರಕಟಿಸುವುದಿಲ್ಲ. ನೀವು ಹೇಳಿದ ಸಂಸ್ಥೆ ನಮ್ಮ ಸದಸ್ಯರಲ್ಲ. ಐಎಸ್‌ಬಿಎನ್ ನಾವು ಕೊಡುವುದಿಲ್ಲ. ಕೆಳಗೆ ಸಹಿ. ಏಳರಲ್ಲಿ ಮೂರಕ್ಕೆ ಉತ್ತರ, ಮೂರೂ 'ಇಲ್ಲ'.

ಆ ಪತ್ರದಲ್ಲಿ ಒಂದು ಸುಳ್ಳೂ ಇಲ್ಲ. ಆದರೆ ಹಾಗೆ ಬರೆದರೆ ಸಾಲದು ಎಂದು ನನಗೆ ಈಗಲೂ ಅನಿಸುತ್ತದೆ. 'ಇಲ್ಲಿ ಅಲ್ಲ' ಎಂದ ಮೇಲೆ 'ಅಲ್ಲಿ ಕೇಳಿ' ಎಂಬ ಇನ್ನೊಂದು ಸಾಲು ಬೇಕು. ಅದು ಇದ್ದಿದ್ದರೆ ಟೀಚರ್ ಮಳೆಯಲ್ಲಿ ನೆನೆದು ಬರಬೇಕಿರಲಿಲ್ಲ.

ನಾನು ಮೊದಲು ಅವರಿಗೆ ಸಂಘ ಎಂದರೆ ಎಂತದು ಎಂದು ಹೇಳಬೇಕಾಯಿತು. ಅಡಿಕೆಯ ಲೆಕ್ಕದಲ್ಲೇ ಹೇಳಿದೆ. ಟೀಚರ್ ಮನೆಯಲ್ಲೂ ಅಡಿಕೆ ತೋಟ ಉಂಟು. "ಟೀಚರ್, ಅಡಿಕೆ ವರ್ತಕರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡರೆ ಅದು ಯಾರದ್ದು?" "ವರ್ತಕರದ್ದು" ಎಂದರು. "ಅಲ್ಲಿಗೆ ಹೋಗಿ ನನ್ನ ಅಡಿಕೆ ನೀವೇ ತಗೊಳ್ಳಿ ಅಂತ ಹೇಳ್ತೀರಾ?" "ಇಲ್ಲ, ಕ್ಯಾಂಪ್ಕೊಗೆ ಹೋಗ್ತೇನೆ." ಅಷ್ಟೇ ವಿಷಯ. 1973ರಲ್ಲಿ ಮಂಗಳೂರಲ್ಲಿ ಶುರುವಾದ ಕ್ಯಾಂಪ್ಕೊ ಬೆಳೆಗಾರರ ಸಹಕಾರಿ. ಕರ್ನಾಟಕದವರೂ ಕೇರಳದವರೂ ಅದರಲ್ಲಿ ಸದಸ್ಯರು. ಪ್ರಕಾಶಕರ ಸಂಘ ಹಾಗಲ್ಲ. ಅದು ಪುಸ್ತಕದ ವ್ಯಾಪಾರ ಮಾಡುವವರ ಒಕ್ಕೂಟ. ಸದಸ್ಯರು ಚಂದಾ ಕಟ್ಟುತ್ತಾರೆ, ಸಮಿತಿಯನ್ನು ಆರಿಸುತ್ತಾರೆ. ಅಧ್ಯಕ್ಷರು, ಕಾರ್ಯದರ್ಶಿ ಎಲ್ಲ ತಮ್ಮ ತಮ್ಮ ಪ್ರಕಾಶನದ ಕೆಲಸ ಮಾಡುತ್ತಾ ಬಿಡುವಿನಲ್ಲಿ ಸಂಘ ನೋಡಿಕೊಳ್ಳುವವರು. ಸರ್ಕಾರಿ ಕಚೇರಿ ಅಲ್ಲ. ಯಾರಿಗೂ ದಂಡ ಹಾಕುವ ಅಧಿಕಾರ ಇಲ್ಲ.

ಹಾಗಾದರೆ ಅವರ ಕೆಲಸ ಏನು? ಪುಸ್ತಕ ಮೇಳಗಳಲ್ಲಿ ಮಳಿಗೆ. ಗ್ರಂಥಾಲಯ ಖರೀದಿಯ ಬಾಕಿ ಹಣಕ್ಕಾಗಿ ಸರ್ಕಾರದ ಬಾಗಿಲು ತಟ್ಟುವುದು. ಕಾಗದದ ಬೆಲೆ ಏರಿದಾಗ ಆ ಖರೀದಿಯಲ್ಲಿ ಪುಟಕ್ಕೆ ಇಷ್ಟೆಂದು ಕೊಡುವ ದರ ಏರಿಸಿ ಎಂದು ಕೇಳುವುದು. ಕಳ್ಳ ಮುದ್ರಣ ತಡೆಯಲು ಹೋರಾಡುವುದು. ಅಚ್ಚಾದ ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ, ಆದರೆ ಪುಸ್ತಕ ಆಗುವ ಮೊದಲು ಕಾಗದಕ್ಕೆ ಇದೆ. ಇಂಥ ವಿಷಯಗಳಲ್ಲಿ ಒಬ್ಬೊಬ್ಬರೇ ಹೋದರೆ ಯಾರೂ ಕೇಳುವುದಿಲ್ಲ, ಸಂಘ ಹೋದರೆ ಕೇಳುತ್ತಾರೆ. ದೇಶದ ಮಟ್ಟದಲ್ಲಿ ದೆಹಲಿಯಲ್ಲಿ ಭಾರತೀಯ ಪ್ರಕಾಶಕರ ಒಕ್ಕೂಟ ಇದೆ. ರಾಜ್ಯ, ಭಾಷೆಯ ಮಟ್ಟದಲ್ಲಿ ಬೇರೆ ಬೇರೆ ಸಂಘಗಳಿವೆ.

ಲೇಖಕರ ಕ್ಯಾಂಪ್ಕೊ ಅಂತ ಒಂದು ಇದ್ದರೆ ಹೇಗೆ ಎಂದು ಟೀಚರ್ ಕೇಳಿದರು. ಅದು ನಾವಿರುವ ರಾಜ್ಯದಲ್ಲೇ ಆಗಿದೆ! 1945ರಲ್ಲಿ ಕೋಟ್ಟಯಂನಲ್ಲಿ ಲೇಖಕರೇ ಸೇರಿ 'ಸಾಹಿತ್ಯ ಪ್ರವರ್ತಕ ಸಹಕಾರಿ ಸಂಘ' ಕಟ್ಟಿದರು. ಎಂ.ಪಿ. ಪೌಲ್ ಮೊದಲ ಅಧ್ಯಕ್ಷರು, ಕತೆಗಾರ ಕಾರೂರು ನೀಲಕಂಠ ಪಿಳ್ಳೆ ಕಾರ್ಯದರ್ಶಿ. ಪುಸ್ತಕ ಬರೆದವರೇ ಪುಸ್ತಕದ ಒಡೆಯರು. ಲೇಖಕರಿಗೆ ನೂರಕ್ಕೆ 30ರಷ್ಟು ರಾಯಧನ ಕೊಟ್ಟು ಹೆಸರಾದ ಸಂಸ್ಥೆ ಅದು. ಮಲಯಾಳದಲ್ಲಿ ಓದುಗರು ಹೆಚ್ಚಲು ಅದೂ ಒಂದು ಕಾರಣ. ಗಡಿನಾಡಿನ ಕನ್ನಡ ಬರಹಗಾರರಿಗೆ ಅಂಥದ್ದೊಂದು ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆಮೇಲೆ ಪುಸ್ತಕ ಕೈಗೆತ್ತಿಕೊಂಡೆವು. ಬೆನ್ನಿನ ಪುಟದಲ್ಲಿ ಐಎಸ್‌ಬಿಎನ್ ಇತ್ತು, 13 ಅಂಕಿ. 2006ರ ಕೊನೆಯವರೆಗೆ ಇದು 10 ಅಂಕಿಯದ್ದಾಗಿತ್ತು, 2007ರಿಂದ 13 ಆಯಿತು. ಮೊದಲಿಗೆ 978, ಆಮೇಲೆ ಭಾರತದ ಗುರುತಾಗಿ 81 ಅಥವಾ 93. ಟೀಚರ್ ಪುಸ್ತಕದಲ್ಲಿ 978-81 ಎಂದೇ ಶುರು. ಸರಿಯಾಗಿಯೇ ಕಾಣುತ್ತಿತ್ತು.

ಈ ಸಂಖ್ಯೆ ಸರಿಯೋ ತಪ್ಪೋ ನೋಡಲು ಒಂದು ಲೆಕ್ಕ ಇದೆ. ಕೊನೆಯ ಅಂಕಿ ಇರುವುದೇ ತಾಳೆ ನೋಡಲು. ಮೊದಲ ಅಂಕಿಯನ್ನು 1ರಿಂದ ಗುಣಿಸಿ, ಎರಡನೆಯದನ್ನು 3ರಿಂದ, ಮೂರನೆಯದನ್ನು 1ರಿಂದ, ನಾಲ್ಕನೆಯದನ್ನು 3ರಿಂದ. ಹೀಗೇ ಕೊನೆಯವರೆಗೆ. ಎಲ್ಲ ಕೂಡಿಸಿದರೆ ಬರುವ ಮೊತ್ತ 10ರಿಂದ ಶೇಷವಿಲ್ಲದೆ ಭಾಗ ಹೋಗಬೇಕು. ಟೀಚರ್ ಕಣ್ಣು ಅರಳಿತು. ಲೆಕ್ಕ ಅವರ ಇಷ್ಟದ ವಿಷಯ. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಸಂಘದ ಪತ್ರದ ಹಿಂಬದಿಯಲ್ಲೇ ಶುರು ಮಾಡಿದರು. ಒಂಬತ್ತೊಂದ್ಲಿ ಒಂಬತ್ತು, ಏಳ್ಮೂರ್ಲಿ ಇಪ್ಪತ್ತೊಂದು, ಎಂಟೊಂದ್ಲಿ ಎಂಟು, ಎಂಟ್ಮೂರ್ಲಿ ಇಪ್ಪತ್ನಾಲ್ಕು, ಒಂದು. ಮೊದಲ ಐದಕ್ಕೆ 63. ಉಳಿದ ಎಂಟು ಅಂಕಿಗೆ 54. ಒಟ್ಟು 117.

"ಏಳು ಉಳಿಯುತ್ತದಲ್ಲ" ಎಂದರು. ಮತ್ತೆ ಒಂದು ಸಲ ಮಾಡಿದರು. ಮತ್ತೆ 117.

ಅಂದರೆ ಬೆನ್ನಿನ ಮೇಲಿದ್ದ ಸಂಖ್ಯೆ ಯಾವ ಪುಸ್ತಕದ್ದೂ ಆಗಿರಲು ಸಾಧ್ಯವಿಲ್ಲ. ಬೇಕೆಂದೇ ಹಾಕಿದ್ದೋ, ಟೈಪ್ ಮಾಡುವಾಗ ಬೆರಳು ಜಾರಿದ್ದೋ ನಾನು ಹೇಳುವುದಿಲ್ಲ. ಒಂದು ಅಂಕಿ ತಪ್ಪಿದರೂ ಹೀಗೆ ಆಗುತ್ತದೆ. ಆದರೆ 5,000 ರೂಪಾಯಿ ಕೊಟ್ಟದ್ದು ಇದಕ್ಕೆ. ಮತ್ತೆ ಆ ಹಣದ ವಿಷಯ: ಭಾರತದಲ್ಲಿ ಐಎಸ್‌ಬಿಎನ್ ಕೊಡುವುದು ದೆಹಲಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ, ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ. ಪೂರ್ತಿ ಉಚಿತ. ಅರ್ಜಿ ಆನ್‌ಲೈನ್‌ನಲ್ಲಿ. ಪ್ರಕಾಶನ ಸಂಸ್ಥೆಯೇ ಆಗಬೇಕೆಂದಿಲ್ಲ, ತನ್ನ ಪುಸ್ತಕ ತಾನೇ ಪ್ರಕಟಿಸುವ ಲೇಖಕರೂ ಕೇಳಬಹುದು. ಕೇರಳದ ವಿಳಾಸವಾದರೂ ಕರ್ನಾಟಕದ ವಿಳಾಸವಾದರೂ ಒಂದೇ. ಇನ್ನೊಂದು ಮಾತು. ಐಎಸ್‌ಬಿಎನ್ ಇದ್ದ ಮಾತ್ರಕ್ಕೆ ಕಾಪಿರೈಟ್ ಸಿಕ್ಕಿತು ಅಂತಲ್ಲ, ಪುಸ್ತಕ ಒಳ್ಳೆಯದು ಅಂತಲೂ ಅಲ್ಲ. ಅದು ಅಂಗಡಿ, ಗ್ರಂಥಾಲಯದವರಿಗೆ ಪುಸ್ತಕ ಗುರುತಿಸಲು ಇರುವ ಸಂಖ್ಯೆ, ಅಷ್ಟೇ. ಎಷ್ಟೋ ಜನ ಇದನ್ನು ಸರ್ಕಾರದ ಮುದ್ರೆ ಎಂದು ತಿಳಿದಿದ್ದಾರೆ. ಮೋಸ ಹೋಗುವುದು ಅಲ್ಲಿಂದಲೇ.

ಕರಾರು ಪತ್ರ ಓದುವಾಗ ನನಗೆ ಸಿಟ್ಟು ಬಂತು. ಒಂದೇ ಹಾಳೆ. ಹಣದ ಮೊತ್ತ, ಪ್ರತಿಗಳ ಸಂಖ್ಯೆ, ಕೆಳಗೆ 'ಕೃತಿಯ ಎಲ್ಲ ಹಕ್ಕುಗಳೂ ಪ್ರಕಾಶಕರದ್ದಾಗಿರುತ್ತವೆ' ಎಂಬ ಒಂದು ಸಾಲು, ಟೀಚರ್ ಸಹಿ. ದುಡ್ಡೂ ಇವರದು, ಬರೆದದ್ದೂ ಇವರು, ಹಕ್ಕು ಮಾತ್ರ ಅವರದು. "ನಾನು ಸತ್ತರೂ ಇದು ನನ್ನ ಮಕ್ಕಳಿಗೆ ಬರುವುದಿಲ್ವಾ?" ಎಂದು ಟೀಚರ್ ಕೇಳಿದರು. ಅವರ ದನಿ ಸಣ್ಣಗಾಗಿತ್ತು.

ಬರುತ್ತದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ 19ನೇ ಸೆಕ್ಷನ್ ಇದೆ. ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡುವುದು ಬರವಣಿಗೆಯಲ್ಲೇ ಆಗಬೇಕು, ಬಿಟ್ಟುಕೊಟ್ಟವರ ಸಹಿ ಇರಬೇಕು. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ರಾಯಧನ ಎಂದು ಬರೆದಿರಬೇಕು. ಎಷ್ಟು ಕಾಲ ಎಂದು ಬರೆಯದಿದ್ದರೆ 5 ವರ್ಷ ಎಂದು ಲೆಕ್ಕ. ಯಾವ ಪ್ರದೇಶ ಎಂದು ಬರೆಯದಿದ್ದರೆ ಭಾರತದ ಒಳಗೆ ಮಾತ್ರ ಎಂದು ಲೆಕ್ಕ. ಟೀಚರ್ ಹಾಳೆಯಲ್ಲಿ ಎರಡೂ ಇರಲಿಲ್ಲ. ಅಂದರೆ ಆ ಸಾಲು ಎಷ್ಟೇ ದೊಡ್ಡದಾಗಿ ಕಂಡರೂ ಅದರ ಆಯುಸ್ಸು ಐದೇ ವರ್ಷ. ಕಾಪಿರೈಟ್ ಇರುವುದು ಲೇಖಕರ ಜೀವಮಾನ ಪೂರ್ತಿ, ಅವರು ಹೋದ ಮೇಲೆ ಇನ್ನೂ 60 ವರ್ಷ. ಅದಕ್ಕೆ ನೋಂದಣಿ ಕಡ್ಡಾಯ ಅಲ್ಲ. ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ. ಬೇಕಿದ್ದರೆ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಬಹುದು, ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ. ಪ್ರಕಾಶಕರ ಸಂಘಕ್ಕೂ ಇದಕ್ಕೂ ಸಂಬಂಧ ಇಲ್ಲ.

ಮಕ್ಕಳ ಪದ್ಯಗಳ ಬಗ್ಗೆ ಟೀಚರ್‌ಗೆ ಇನ್ನೊಂದು ಅಳುಕು ಇತ್ತು. ಅವು ತಾನು ಬರೆದವಲ್ಲ, ಮಕ್ಕಳ ಬಾಯಿಂದ ಕೇಳಿದವು. ಹೌದು, ಊರ ಪದ್ಯ ಯಾರೊಬ್ಬರದೂ ಅಲ್ಲ. ಆದರೆ ಅವುಗಳನ್ನು ಆರಿಸಿದ್ದು, ಜೋಡಿಸಿದ್ದು, ಕೆಳಗೆ ಟಿಪ್ಪಣಿ ಬರೆದದ್ದು ಟೀಚರ್. ಅದು ಅವರದ್ದೇ.

ರಾಯಧನದ ಪ್ರಶ್ನೆಗೆ ಸಂಘ ಉತ್ತರಿಸದೆ ಬಿಟ್ಟಿತ್ತು. ಇಷ್ಟೇ ಕೊಡಬೇಕು ಎಂದು ಸಂಘ ನಿಗದಿ ಮಾಡುವಂತಿಲ್ಲ. ವ್ಯಾಪಾರಿಗಳೆಲ್ಲ ಸೇರಿ ಬೆಲೆ ಕಟ್ಟುವುದನ್ನು 2002ರ ಸ್ಪರ್ಧಾ ಕಾಯ್ದೆ ತಡೆಯುತ್ತದೆ, ಅದು ಸಂಘಗಳಿಗೂ ಅನ್ವಯ. ರಾಯಧನ ಲೇಖಕರು, ಪ್ರಕಾಶಕರು ಕೂತು ಮಾತಾಡಿಕೊಳ್ಳುವ ವಿಷಯ. ಕನ್ನಡದಲ್ಲಿ ಸಾಮಾನ್ಯವಾಗಿ ಮುಖಬೆಲೆಯ ನೂರಕ್ಕೆ ಹತ್ತರ ಆಸುಪಾಸು ನಡೆಯುತ್ತದೆ. ಕೆಲವರು ಹಣದ ಬದಲು ಪುಸ್ತಕದ ಪ್ರತಿಗಳನ್ನೇ ಕೊಡುತ್ತಾರೆ. ಆದರೆ ಲೇಖಕರಿಂದಲೇ ಹಣ ತೆಗೆದುಕೊಂಡು ಅಚ್ಚು ಹಾಕುವವರು ಪ್ರಕಾಶಕರ ಕೆಲಸ ಮಾಡುತ್ತಿಲ್ಲ, ಮುದ್ರಣದ ಸೇವೆ ಮಾರುತ್ತಿದ್ದಾರೆ. ಅದು ತಪ್ಪಲ್ಲ. ಆದರೆ ಹಾಗೆಂದು ಬಾಯಿಬಿಟ್ಟು ಹೇಳಬೇಕು, ಹೇಳಿದಷ್ಟು ಪ್ರತಿ ಕೊಡಬೇಕು.

ದುಡ್ಡು ಕೊಟ್ಟು ಸೇವೆ ಪಡೆದ ಮೇಲೆ ಹೋಗಬೇಕಾದದ್ದು ಗ್ರಾಹಕರ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮಂಥವರಿಗೆ ಒಂದು ದೊಡ್ಡ ಅನುಕೂಲ ಇದೆ. ದೂರು ಕೊಡಲು ಎದುರು ಪಕ್ಷದ ಊರಿಗೆ ಹೋಗಬೇಕಾಗಿಲ್ಲ. ನಾವು ಇರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಟೀಚರ್‌ಗೆ ಕಾಸರಗೋಡಿನ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು, ಸಂಖ್ಯೆ 1915. ಕನ್ನಡದವರು ಇದನ್ನು ಮರೆಯುವುದು ಕಷ್ಟ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈ ಹುಟ್ಟಿದ್ದೂ ಅದೇ ವರ್ಷ. ಈ ಮಾತು ಕೇಳಿ ಟೀಚರ್ ಆ ದಿನ ಮೊದಲ ಸಲ ನಕ್ಕರು.

ಗ್ರಂಥಾಲಯ ಖರೀದಿಯ ವಿಷಯ ನನಗೆ ಹತ್ತಿರದ್ದು. ಕರ್ನಾಟಕದ ಗ್ರಂಥಾಲಯ ಇಲಾಖೆ ಸಗಟಾಗಿ ಪುಸ್ತಕ ಕೊಳ್ಳುತ್ತದೆ, ನಿಜ. ಆದರೆ ಅರ್ಜಿ ಹಾಕಬೇಕು, ಆಯ್ಕೆ ಸಮಿತಿ ನೋಡಬೇಕು. ಬೆಲೆಯೂ ಪುಟದ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಹಣ ಕೈಗೆ ಬರುವುದು ತಡವಾಗುತ್ತದೆ ಎಂದು ಪ್ರಕಾಶಕರೇ ವರ್ಷ ವರ್ಷ ಹೇಳುತ್ತಾರೆ. ಹಾಗಿರುವಾಗ ಅಚ್ಚಿಗೆ ಮೊದಲೇ 'ಖಂಡಿತ ಕೊಳ್ಳುತ್ತಾರೆ' ಎಂದು ಯಾರಾದರೂ ಹೇಳಿದರೆ, ಆ ಮಾತು ಕೇಳಿದ ಕೂಡಲೇ ಎದ್ದು ಬರಬೇಕು. ಕೇರಳದಲ್ಲಿ ದಾರಿ ಬೇರೆ. ಇಲ್ಲಿ ನಮ್ಮಂಥ ಊರ ಗ್ರಂಥಾಲಯಗಳು ರಾಜ್ಯ ಲೈಬ್ರರಿ ಕೌನ್ಸಿಲ್‌ಗೆ ಸೇರಿರುತ್ತವೆ. ಕಟ್ಟಡ ತೆರಿಗೆಯ ಜೊತೆ ವಸೂಲಾಗುವ ಸೆಸ್ಸಿನಿಂದ ನಮಗೆ ಅನುದಾನ ಬರುತ್ತದೆ. ಯಾವ ಪುಸ್ತಕ ಬೇಕೆಂದು ಆರಿಸುವುದು ನಾವೇ, ಜಿಲ್ಲಾ ಪುಸ್ತಕೋತ್ಸವಕ್ಕೆ ಹೋಗಿ ಮಳಿಗೆಗಳಲ್ಲಿ ನೋಡಿ ಕೊಳ್ಳುತ್ತೇವೆ. ಮಲಯಾಳ ಪುಸ್ತಕದ ಮಳಿಗೆಗಳ ನಡುವೆ ಕನ್ನಡದ್ದು ನಾನು ಕಂಡದ್ದು ಬಹಳ ಕಡಿಮೆ. ಕನ್ನಡ ಓದುಗರಿರುವ ಗ್ರಂಥಾಲಯಗಳು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಎಷ್ಟೋ ಇವೆ. ಅವರ ಕೈಯಲ್ಲಿ ದುಡ್ಡು ಇರುತ್ತದೆ, ಎದುರಿಗೆ ಕನ್ನಡ ಪುಸ್ತಕ ಇರುವುದಿಲ್ಲ. ಬೆಂಗಳೂರಿನ ಪ್ರಕಾಶಕರ ಸಂಘಗಳು ಇದನ್ನೊಂದು ಗಮನಿಸಬೇಕು. ಒಂದು ಮಳಿಗೆ, ನಾಲ್ಕು ದಿನ. ಗಡಿನಾಡಿಗೆ ಅವರು ಮಾಡಬಹುದಾದ ದೊಡ್ಡ ಉಪಕಾರ ಅದು.

ಇಷ್ಟು ಆದ ಮೇಲೆ ನಾವು ಎರಡು ಕೆಲಸ ಮಾಡಿದೆವು. ಒಂದು, ಆ ಸಂಸ್ಥೆಗೆ ರಿಜಿಸ್ಟರ್ಡ್ ಪತ್ರ. ಯಾವ ದಿನ ಎಷ್ಟು ಹಣ ಕಟ್ಟಿದ್ದು, ಎಷ್ಟು ಪ್ರತಿ ಬರಬೇಕಿತ್ತು, ಎಷ್ಟು ಬಂತು, ಐಎಸ್‌ಬಿಎನ್ ಲೆಕ್ಕ ಯಾಕೆ ತಾಳೆ ಆಗುವುದಿಲ್ಲ, ಎಲ್ಲ ಬರೆದೆವು. 15 ದಿನದಲ್ಲಿ ಉತ್ತರ ಬರದಿದ್ದರೆ ಆಯೋಗಕ್ಕೆ ಹೋಗುತ್ತೇವೆ ಎಂದೂ ಬರೆದೆವು. ಬೈಗುಳ ಒಂದೂ ಇಲ್ಲ. ಎರಡನೆಯದು, ಸಂಘಕ್ಕೆ ಮತ್ತೆ ಫೋನ್. ಈ ಸಲ ದೂರು ಹೇಳಲಿಲ್ಲ. "ನಮಗೆ ಇದನ್ನು ನಾವೇ ಅಚ್ಚು ಹಾಕಬೇಕು, ಸ್ವಲ್ಪ ಹೇಳಿಕೊಡ್ತೀರಾ?" ಎಂದು ಕೇಳಿದೆ.

ಫೋನ್ ಎತ್ತಿದವರು ಸಂಘದ ಒಬ್ಬ ಹಿರಿಯ ಪದಾಧಿಕಾರಿ. ಪತ್ರದಲ್ಲಿ ಕಾಣದ ಮನುಷ್ಯ ಫೋನಿನಲ್ಲಿ ಸಿಕ್ಕರು. ಅರ್ಧ ಗಂಟೆ ಮಾತಾಡಿದರು. ಎಷ್ಟು ಪುಟ ಎಂದು ಕೇಳಿದರು. 160 ಎಂದೆ. "ಪುಸ್ತಕದ ಅಳತೆ ಡೆಮಿ ಅಷ್ಟಾಂಶ ಅಲ್ವಾ? ಹಾಗಾದರೆ ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರ್ಮ್, ನಿಮ್ಮದು ಸರಿಯಾಗಿ 10 ಫಾರ್ಮ್. ಮುದ್ರಕರ ಹತ್ತಿರ ಪುಸ್ತಕಕ್ಕೆ ಎಷ್ಟು ಅಂತ ಕೇಳಬೇಡಿ. ಫಾರ್ಮಿಗೆ ಎಷ್ಟು, ಕಾಗದ ಎಷ್ಟು ಜಿಎಸ್‌ಎಂ, ಅಂದರೆ ಎಷ್ಟು ತೂಕದ್ದು, ಮುಖಪುಟ ಲ್ಯಾಮಿನೇಷನ್ ಸೇರಿದೆಯಾ, ಬೈಂಡಿಂಗ್ ಹೊಲಿಗೆಯೋ ಅಂಟೋ, ಇದನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಮೂರು ಕಡೆ ಕೇಳಿ" ಎಂದರು. ಪುಟ ವಿನ್ಯಾಸದ ಕಡತವನ್ನು ಮುದ್ರಕರಿಂದ ಕೇಳಿ ಇಟ್ಟುಕೊಳ್ಳಿ ಎಂದೂ ಹೇಳಿದರು. ಟೀಚರ್ ಪಕ್ಕದಲ್ಲಿ ಕೂತು ಎಲ್ಲ ಬರೆದುಕೊಂಡರು. ಸದಸ್ಯತ್ವದ ಮಾತೂ ಬಂತು. ಪ್ರತಿ ಸಂಘಕ್ಕೂ ಅದರದ್ದೇ ನಿಯಮ ಇರುತ್ತದೆ, ಸಾಮಾನ್ಯವಾಗಿ ಪ್ರಕಾಶನವನ್ನೇ ಕಸುಬಾಗಿ ಮಾಡುವವರಿಗೆ ಅದು. ಒಂದು ಪುಸ್ತಕಕ್ಕಾಗಿ ಸದಸ್ಯರಾಗುವ ಅಗತ್ಯ ಇಲ್ಲ ಎಂದರು. ಟೀಚರ್‌ಗೆ ಅದರಲ್ಲಿ ಬೇಸರ ಆಗಲಿಲ್ಲ.

ಜನ ಸಂಘವನ್ನು ಕೇಳಬೇಕಾದದ್ದು ಇಂಥ ಪ್ರಶ್ನೆಯೇ. ಹೋದ ಹಣವನ್ನು ವಾಪಸ್ ಕೊಡಿಸುವ ಶಕ್ತಿ ಅವರಿಗೆ ಇಲ್ಲ. ಆದರೆ ಕಸುಬಿನ ಒಳಗುಟ್ಟು ಅವರಿಗೆ ಗೊತ್ತು. ಇಂಥ ಹೆಸರಿನವರು ನಿಮ್ಮ ಸದಸ್ಯರಾ ಎಂದು ಹಣ ಕೊಡುವ ಮೊದಲೇ ಒಂದು ಫೋನ್ ಮಾಡಿದ್ದರೆ, ಆ ಒಂದು 'ಅಲ್ಲ' ಟೀಚರ್‌ಗೆ ಎಷ್ಟೋ ಉಳಿಸುತ್ತಿತ್ತು. ಸದಸ್ಯರಲ್ಲದವರೆಲ್ಲ ಕೆಟ್ಟವರು ಅಂತಲ್ಲ. ಮಂಗಳೂರು, ಪುತ್ತೂರು ಕಡೆಯ ಎಷ್ಟೋ ಒಳ್ಳೆಯ ಸಣ್ಣ ಪ್ರಕಾಶಕರು ಯಾವ ಸಂಘದಲ್ಲೂ ಇಲ್ಲ. ಆದರೆ ಕೇಳಿ ನೋಡಿದರೆ ನಷ್ಟ ಏನು?

ರಿಜಿಸ್ಟರ್ಡ್ ಪತ್ರಕ್ಕೆ ಹದಿಮೂರನೇ ದಿನ ಪ್ರತಿಕ್ರಿಯೆ ಬಂತು. ಲಾರಿ ಪಾರ್ಸೆಲ್‌ನಲ್ಲಿ ಇನ್ನೂ 120 ಪ್ರತಿ, ಜೊತೆಗೆ ಒಂದು ಚೀಟಿ. 'ಲೇಖಕರು ಈ ಪುಸ್ತಕವನ್ನು ಬೇರೆ ಕಡೆ ಪ್ರಕಟಿಸಲು ನಮ್ಮ ಅಭ್ಯಂತರವಿಲ್ಲ' ಎಂದು ಬರೆದು ಸಹಿ, ಮೊಹರು. ಹಣದ ಮಾತೇ ಇಲ್ಲ. ಉಳಿದ 300 ಪ್ರತಿಯ ಮಾತೂ ಇಲ್ಲ. ಆಯೋಗಕ್ಕೆ ಹೋಗೋಣ ಎಂದು ನಾನು ಬಹಳ ಹೇಳಿದೆ. ಟೀಚರ್ ಒಪ್ಪಲಿಲ್ಲ. "ನನಗೆ ಪುಸ್ತಕ ಬೇಕಿತ್ತು ಮಾರಾಯ, ಕೇಸು ಬೇಡ" ಎಂದರು. ಅವರು ಹೋಗಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಅವರಿಗಾಗಿ ಅಲ್ಲದಿದ್ದರೂ, ಆ ಸಂಸ್ಥೆ ಮುಂದೆ ಫೋನ್ ಮಾಡುವ ಇನ್ನೊಬ್ಬ ಟೀಚರ್‌ಗಾಗಿ.

ಎರಡನೇ ಮುದ್ರಣದ ಕೆಲಸದಲ್ಲಿ ಹೊಸ ತಲೆನೋವು. ಹಳೆಯ ಸಂಸ್ಥೆ ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದ ಕಡತ ನುಡಿ ಫಾಂಟಿನದ್ದು, ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಲ್ಲ. ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆಗಳ ಗೊಂಚಲು. ಯೂನಿಕೋಡ್‌ಗೆ ಬದಲಿಸಿದಾಗ ಸುಮಾರಾಗಿ ಸರಿಹೋಯಿತು. ಆದರೆ ಅರ್ಕಾವೊತ್ತು ಇದ್ದ ಕಡೆ ಕೈಕೊಟ್ಟಿತು. 'ವರ್ಷ' ಇರುವ ಪ್ರತಿ ಟಿಪ್ಪಣಿಯಲ್ಲೂ ತಪ್ಪು. ಪ್ರತಿ ಪದ್ಯದ ಕೆಳಗೂ ವರ್ಷ ಬರೆದವರಲ್ವಾ ಟೀಚರ್! ನಾವಿಬ್ಬರೂ ಹನ್ನೊಂದು ಸಂಜೆ ಕೂತು ಕರಡು ತಿದ್ದಿದೆವು. ಅವರು ಮೂಲ ನೋಟ್‌ಬುಕ್ಕಿನಿಂದ ಗಟ್ಟಿಯಾಗಿ ಓದುವುದು, ನಾನು ತಾಳೆ ನೋಡುವುದು. ತುಳುವಿನ ಒಂದು ಶಬ್ದಕ್ಕೆ ಎರಡು ದಿನ ಚರ್ಚೆ ಆಯಿತು. ಕೊನೆಗೆ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನ್ ಮಾಡಿ ಅವಳ ಬಾಯಿಂದಲೇ ಹಾಡಿಸಿ ಸರಿಮಾಡಿದೆವು. ಆ ಫೋನಿನಲ್ಲಿ ಅವಳು ಇನ್ನೂ ಎರಡು ಪದ್ಯ ಹೇಳಿದಳು. ಅವೂ ಸೇರಿದವು.

ಹಾಗಾಗಿ ಇದು ಬರೀ ಮರುಮುದ್ರಣ ಆಗಲಿಲ್ಲ, ಹೊಸ ಆವೃತ್ತಿಯಾಯಿತು. ಪ್ರಕಾಶಕರೂ ಈಗ ಟೀಚರೇ. ಹಾಗಾಗಿ ಹೊಸ ಐಎಸ್‌ಬಿಎನ್ ಬೇಕು. ಟೀಚರ್ ತಮ್ಮ ಹೆಸರಲ್ಲೇ ಅರ್ಜಿ ಹಾಕಿದರು. ಸಂಖ್ಯೆ ಬಂದ ದಿನ ಅವರು ಮಾಡಿದ ಮೊದಲ ಕೆಲಸ ಲೆಕ್ಕ. ಮೊತ್ತದ ಕೊನೆಗೆ ಸೊನ್ನೆ ಬಂದದ್ದು ನೋಡಿ ನನಗೆ ಫೋನ್ ಮಾಡಿದರು. ಮಂಗಳೂರಿನಲ್ಲಿ 300 ಪ್ರತಿ ಅಚ್ಚಾಯಿತು.

ಇನ್ನೊಂದು ಕೆಲಸ ಬಾಕಿ ಇತ್ತು. ಇದನ್ನು ಎಷ್ಟೋ ಪ್ರಕಾಶಕರೇ ಮಾಡುವುದಿಲ್ಲ. 1954ರ ಒಂದು ಕೇಂದ್ರ ಕಾಯ್ದೆಯ ಪ್ರಕಾರ ಪುಸ್ತಕ ಪ್ರಕಟಿಸಿದವರು 30 ದಿನದೊಳಗೆ ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಇನ್ನು ಮೂರು ಪ್ರತಿ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ. ಖರ್ಚು ಪ್ರಕಾಶಕರದ್ದೇ. ಟೀಚರ್‌ಗೆ ಇದು ಹೊರೆ ಅನಿಸಲಿಲ್ಲ. ಚೆನ್ನೈಯ ಕನ್ನೆಮರಾ ಗ್ರಂಥಾಲಯ ಎಂದಾಗ ಸ್ವಲ್ಪ ಹೊತ್ತು ಸುಮ್ಮನಾದರು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮೊದಲು ಮದ್ರಾಸಿನ ಕೆಳಗಿತ್ತು. ಅವರ ತಂದೆ ಶಾಲೆ ಮಾಸ್ಟರ್ ಆಗಿದ್ದಾಗ ಎಲ್ಲ ಕಾಗದಪತ್ರ ಮದ್ರಾಸು ಸರ್ಕಾರದ್ದೇ ಬರುತ್ತಿತ್ತಂತೆ. "ಅಪ್ಪ ಇದ್ದಿದ್ದರೆ ಇವತ್ತು ಪೋಸ್ಟ್ ಆಫೀಸಿಗೆ ಅವರೇ ಹೋಗುತ್ತಿದ್ದರು" ಎಂದರು.

ಖಾಕಿ ಕಾಗದದಲ್ಲಿ ನಾಲ್ಕು ಕಟ್ಟು ಕಟ್ಟಿದೆವು. ಪೋಸ್ಟ್ ಆಫೀಸಿನಲ್ಲಿ ನಾಲ್ಕು ರಸೀದಿ ಕೊಟ್ಟರು. ಟೀಚರ್ ಅವುಗಳನ್ನು ಆ ಹಳೆಯ ಸಂಘದ ಪತ್ರದ ಹಿಂಬದಿಗೆ, 117 ಎಂದು ಬರೆದಿದ್ದ ಲೆಕ್ಕದ ಕೆಳಗೆ, ಒಂದರ ಕೆಳಗೆ ಒಂದು ಅಂಟಿಸಿದರು. ಬಸ್ ಬರುವವರೆಗೆ ಅಂಗಡಿ ಜಗಲಿಯಲ್ಲಿ ನಿಂತಿದ್ದೆವು. "ಜಿಲ್ಲಾ ಪುಸ್ತಕೋತ್ಸವ ಈ ವರ್ಷ ಯಾವಾಗ ಮಾರಾಯ? ನಮಗೊಂದು ಮೇಜು ಸಿಗಬಹುದಾ?" ಎಂದು ಕೇಳಿದರು. ಬೆಂಗಳೂರಿನ ಸಂಘಕ್ಕೆ ಫೋನ್ ಮಾಡಲು ನಾನು ಮೊಬೈಲ್ ತೆಗೆದೆ.